ಮನೆಗೆ ಕಲಿಕೆಯ ಸಾಮಾನು ತರುವ ಮೊದಲು

ಮಕ್ಕಳೇ,

ಕೆಲವು ತಿಂಗಳ ಹಿಂದೆ ಹಳೇಬೀಡಿನ ಹತ್ತಿರದ ಒಂದು ಶಾಲೆಗೆ ಹೋಗಿದ್ದೆ. ಪಾಠ ಮುಗಿಸಿ ಹೊರಡುವಾಗ 7ನೆಯ ತರಗತಿಯ ಹುಡುಗಿಯೊಬ್ಬಳು ಸುರುಳಿ ಸುತ್ತಿದ ಒಂದು ಚಾರ್ಟ್ ಹಿಡಿದುಕೊಂಡು ಬಂದಳು. ಜಾತ್ರೆಯಲ್ಲಿ ಅವಳ ಅಪ್ಪ ಕೊಡಿಸಿದ್ದಂತೆ. ಬಿಚ್ಚಿ ನೋಡಿದೆ. ನಮ್ಮ ಐದು ಇಂದ್ರಿಯಗಳ ಬಣ್ಣಬಣ್ಣದ ಚಿತ್ರಗಳಿದ್ದವು. ನಾಲಿಗೆಯ ಚಿತ್ರಕ್ಕೆ ಹೊಲದ ಬದುಗಳ ಹಾಗೆ ಗೆರೆ ಎಳೆದು, ತುದಿಯಲ್ಲಿ ‘ಸಿಹಿ’, ಅಂಚುಗಳಲ್ಲಿ ‘ಉಪ್ಪು’ ಮತ್ತು ‘ಹುಳಿ’, ಹಿಂಭಾಗದಲ್ಲಿ ‘ಕಹಿ’ ಎಂದು ಬರೆದಿದ್ದರು.

“ಮೇಡಂ, ನಾನು ನಾಲಿಗೆ ತುದೀಗೆ ಉಪ್ಪು ಇಟ್ಟು ನೋಡಿದೆ. ಅಲ್ಲೂ ಉಪ್ಪು ಗೊತ್ತಾಗುತ್ತೆ. ಚಾರ್ಟ್ ತಪ್ಪೋ, ನನ್ನ ನಾಲಿಗೆ ತಪ್ಪೋ?” ಎಂದು ಕೇಳಿದಳು.

ಎಂಥ ಒಳ್ಳೆಯ ಪ್ರಶ್ನೆ! ಅವಳ ನಾಲಿಗೆ ಸರಿಯಾಗಿಯೇ ಇದೆ. ತಪ್ಪಿರುವುದು ಚಾರ್ಟಿನಲ್ಲಿ. 1901ರಲ್ಲಿ ಹೇನಿಗ್ ಎಂಬ ಜರ್ಮನ್ ವಿಜ್ಞಾನಿ ನಾಲಿಗೆಯ ಬೇರೆ ಬೇರೆ ಭಾಗಗಳಲ್ಲಿ ರುಚಿ ತಿಳಿಯುವ ಸೂಕ್ಷ್ಮತೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದೆಯೆಂದು ಬರೆದ. ಆ ಸ್ವಲ್ಪ ವ್ಯತ್ಯಾಸವನ್ನು ಮುಂದಿನ ಪುಸ್ತಕಗಳವರು ಗಡಿಗೆರೆಗಳನ್ನಾಗಿ ಮಾಡಿಬಿಟ್ಟರು. ನಿಜವಾಗಿ ನೋಡಿದರೆ, ರುಚಿಮೊಗ್ಗುಗಳು ಇರುವ ಕಡೆಯಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ.

ಇಷ್ಟನ್ನು ಹೇಳಿದ ಮೇಲೆ ಹುಡುಗಿಗೆ ಸಂತೋಷವಾಗಬೇಕಿತ್ತು. ಆದರೆ ಅವಳ ಮುಖ ಸಣ್ಣದಾಯಿತು. “ಅಪ್ಪ ಕೂಲಿ ದುಡ್ಡಲ್ಲಿ ತಂದಿದ್ದು ಮೇಡಂ. ತಪ್ಪು ಅಂತ ಹೇಗೆ ಹೇಳಲಿ?” ಎಂದಳು.

ಆ ಮಾತು ಮನಸ್ಸಿನಲ್ಲೇ ಉಳಿದಿದೆ. ಇವತ್ತಿನ ಈ ಬರಹಕ್ಕೆ ಅದೇ ಕಾರಣ.

ನಿಮ್ಮ ಹೆಸರಿನಲ್ಲಿ ಖರ್ಚಾಗುವ ಹಣ

‘ಮಗು ಕಲೀಲಿ’ ಎಂಬ ಒಂದು ಮಾತಿಗೆ ನಮ್ಮ ಮನೆಗಳಲ್ಲಿ ಬಹಳ ಬೆಲೆಯಿದೆ. ಹೊಸ ಬಟ್ಟೆಗೆ ಮೀನಮೇಷ ಎಣಿಸುವ ಅಪ್ಪ, ಚೀಟಿ ಹಣ ಎತ್ತಿಯಾದರೂ ಓದಿನ ಸಾಮಾನು ತರುತ್ತಾರೆ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಬಸ್‌ಸ್ಟ್ಯಾಂಡಿನಲ್ಲಿ ಚಾರ್ಟು, ಜಾತ್ರೆಯಲ್ಲಿ ಮಾತಾಡುವ ಬೊಂಬೆ, ಮನೆ ಬಾಗಿಲಿಗೆ ಪುಸ್ತಕದ ಗಂಟು, ಈಗ ಮೊಬೈಲಿನಲ್ಲಿ ಕಂತಿನ ಪಾಠಗಳು. ಎಲ್ಲವೂ ನಿಮ್ಮ ಹೆಸರು ಹೇಳಿಕೊಂಡೇ ಬರುತ್ತವೆ.

ನಾನೂ ಹೀಗೆ ಮೋಸ ಹೋಗಿದ್ದೇನೆ. ನನ್ನ ಮಗಳು ಐದನೆಯ ತರಗತಿಯಲ್ಲಿದ್ದಾಗ ಮನೆಗೆ ಬಂದ ಮಾರಾಟಗಾರರೊಬ್ಬರಿಂದ ಇಂಗ್ಲಿಷ್ ವಿಶ್ವಕೋಶದ ಹನ್ನೆರಡು ಸಂಪುಟ ಕೊಂಡೆ. ನುಣುಪಾದ ಹಾಳೆ, ಕಣ್ಣು ಕುಕ್ಕುವ ಚಿತ್ರ. ಕಂತು ಕಟ್ಟಿ ಮುಗಿಸಲು ಒಂದು ವರ್ಷ ಹಿಡಿಯಿತು. ಮಗಳು ಎರಡು ಸಲ ತೆಗೆದು ಚಿತ್ರ ನೋಡಿದಳು. ಭಾಷೆ ಅವಳಿಗೆ ಭಾರವಾಗಿತ್ತು. ನಮ್ಮತ್ತೆಗಂತೂ ಓದಲು ಬರುತ್ತಿರಲಿಲ್ಲ. ನಾನು ಶಾಲೆಯಿಂದ ದಣಿದು ಬಂದು ಅದನ್ನು ಮುಟ್ಟಲಿಲ್ಲ. ಎಂ.ಎಸ್ಸಿ. ಓದಿದವಳು ಕೊಂಡ ಆ ಪುಸ್ತಕಗಳು ಅಲಮಾರಿನಲ್ಲಿ ಧೂಳು ತಿಂದವು.

ಅದೇ ವರ್ಷ ನನ್ನ ಮಗಳು ನಿಜವಾಗಿ ಕಲಿತದ್ದು ಯಾವುದರಿಂದ ಗೊತ್ತೇ? ನಮ್ಮತ್ತೆಯ ಹಳೆಯ ಪಾವಿನಿಂದ!

ಪಾವು, ಸೇರು ನಿಮ್ಮ ಅಜ್ಜಿಗೆ ಗೊತ್ತಿರುತ್ತದೆ, ಕೇಳಿ. ನಾಲ್ಕು ಪಾವಿಗೆ ಒಂದು ಸೇರು. ಒಂದು ದಿನ ಅತ್ತೆ ರಾಗಿ ಅಳೆಯುತ್ತಿದ್ದರು. ಮಗಳು ಒಂದು ಪಾವು ರಾಗಿಯನ್ನೂ ಒಂದು ಪಾವು ಕಡ್ಲೆಪುರಿಯನ್ನೂ ತಕ್ಕಡಿಯ ಎರಡು ತಟ್ಟೆಗಳಿಗೆ ಸುರಿದಳು. ರಾಗಿಯ ತಟ್ಟೆ ಧಡಕ್ಕನೆ ಕೆಳಗಿಳಿಯಿತು. “ಎರಡೂ ಒಂದೇ ಪಾವು ಅಲ್ವಾ ಅಜ್ಜಿ?” ಎಂದಳು. “ಪಾವು ಜಾಗ ಅಳೆಯುತ್ತೆ, ತಕ್ಕಡಿ ತೂಕ ಅಳೆಯುತ್ತೆ ಕಣೇ. ಪುರಿ ತುಂಬ ಗಾಳಿ, ರಾಗಿ ಒತ್ತೊತ್ತಾಗಿ ಕೂರುತ್ತೆ” ಎಂದರು ಅತ್ತೆ.

ಸಾಂದ್ರತೆ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಅಂದು ಸಂಜೆಯೆಲ್ಲ ಅಜ್ಜಿ ಮೊಮ್ಮಗಳು ಅವರೆಕಾಳು, ಉಪ್ಪು, ಒಣಮೆಣಸಿನಕಾಯಿ ಎಂದು ಅಳೆದು ತೂಗಿ ಬರೆದರು. ಬರೆದವಳು ಮೊಮ್ಮಗಳು, ಬರೆಸಿದವರು ಅಜ್ಜಿ. ಶಾಲೆಯ ಮೆಟ್ಟಿಲು ಹತ್ತದ ನಮ್ಮತ್ತೆ ಅಂದು ಮನೆಯ ಮೇಷ್ಟ್ರಾದರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮನೆಗೆ ತರುವ ಕಲಿಕೆಯ ಸಾಮಾನು ಮಗು ಒಂದಕ್ಕೇ ಎಂದು ಇರಬಾರದು. ಮಗುವೂ ದೊಡ್ಡವರೂ ಜೊತೆಗೆ ಕೂತು ಬಳಸುವಂತೆ ಇರಬೇಕು. ಆಯ್ಕೆ ಮಾಡುವಾಗ ನೀವೂ ಮಾತಾಡಬೇಕು. ‘ಇದು ಬೇಕು’ ಎಂದು ಹಟ ಮಾಡುವುದು ನಮಗೆಲ್ಲ ಬರುತ್ತದೆ. ‘ಇದು ಬೇಡ, ಯಾಕೆಂದರೆ...’ ಎಂದು ಹೇಳುವುದನ್ನೂ ಕಲಿಯೋಣ.

ಆಯ್ಕೆ ಹೇಗೆ? ನಾಲ್ಕು ಪ್ರಶ್ನೆಗಳನ್ನು ಕೊಡುತ್ತೇನೆ. ದುಡ್ಡು ಕೊಡುವ ಮೊದಲು ಅವನ್ನು ಕೇಳಿಕೊಳ್ಳಿ.

1. ಇದು ಕೈಗೆ ಕೆಲಸ ಕೊಡುತ್ತದೆಯೇ?

ಗುಂಡಿ ಒತ್ತಿದರೆ ಹಾಡುವ ಬೊಂಬೆಯಲ್ಲಿ ಕೆಲಸ ಮಾಡುವುದು ಬೊಂಬೆ, ನೀವಲ್ಲ. ಹತ್ತು ದಿನದಲ್ಲಿ ಬೇಸರ ಬರುತ್ತದೆ. ಒಂದು ಭೂತಗನ್ನಡಿ ಹಾಗಲ್ಲ. ಇರುವೆಯ ಕಾಲು, ಎಲೆಯ ನರ, ನೋಟಿನ ಮೇಲಿನ ಸಣ್ಣ ಅಕ್ಷರ, ಅಜ್ಜನ ಬೆರಳಿಗೆ ಚುಚ್ಚಿದ ಮುಳ್ಳು, ಎಲ್ಲಕ್ಕೂ ಬರುತ್ತದೆ. (ಅದರಿಂದ ಸೂರ್ಯನನ್ನು ಮಾತ್ರ ಎಂದೂ ನೋಡಬೇಡಿ. ಕಣ್ಣು ಹೋಗುತ್ತದೆ.)

ಹಳೇಬೀಡಿನ ಮಕ್ಕಳಿಗೆ ಇನ್ನೂ ಒಂದು ಉದಾಹರಣೆ ಕೊಡುತ್ತೇನೆ. ಹೊಯ್ಸಳೇಶ್ವರ ದೇವಸ್ಥಾನವನ್ನು ಕಟ್ಟಿರುವ ಕಲ್ಲಿಗೆ ಜನ ಏನೆನ್ನುತ್ತಾರೆ? ಬಳಪದ ಕಲ್ಲು. ಸ್ಲೇಟಿನ ಮೇಲೆ ಬರೆಯುವ ಕಲ್ಲಿನ ಬಳಪವೂ ಇದೇ ಜಾತಿಯದು. ಗ್ರಾನೈಟಿಗಿಂತ ಬಹಳ ಮೃದು. ಅದಕ್ಕೇ ಶಿಲ್ಪಿಗಳು ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿ ಕೆತ್ತಲು ಆಯಿತು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಎಂದೂ ಹೇಳುತ್ತಾರೆ.

ಮಾಡಿ ನೋಡಿ: ಒಂದು ಬಳಪ, ಒಂದು ಇಟ್ಟಿಗೆ ಚೂರು, ರಸ್ತೆ ಬದಿಯ ಒಂದು ಜಲ್ಲಿಕಲ್ಲು, ಒಂದು ಕಬ್ಬಿಣದ ಮೊಳೆ ತೆಗೆದುಕೊಳ್ಳಿ. ಯಾವುದು ಯಾವುದನ್ನು ಗೀರುತ್ತದೆ? ಉಗುರಿನಿಂದ ಯಾವುದನ್ನು ಗೀರಬಹುದು? ಮೃದುವಿನಿಂದ ಗಟ್ಟಿಯವರೆಗೆ ಸಾಲಾಗಿ ಜೋಡಿಸಿ. ಭೂವಿಜ್ಞಾನಿಗಳು ಖನಿಜಗಳ ಗಡಸುತನ ಅಳೆಯುವುದೂ ಹೀಗೆಯೇ. ಆ ಅಳತೆಗೆ ಮೋಸ್ ಮಾಪಕ ಎಂದು ಹೆಸರು. ಅದರಲ್ಲಿ ಬಳಪದ ಕಲ್ಲಿನಲ್ಲಿರುವ ಟಾಲ್ಕ್ ಎಂಬ ಖನಿಜಕ್ಕೆ 1, ಜಲ್ಲಿಕಲ್ಲಿನಲ್ಲಿ ಹೊಳೆಯುವ ಸ್ಫಟಿಕಕ್ಕೆ 7, ವಜ್ರಕ್ಕೆ 10. ಮನೆಯಲ್ಲಿ ಗಾರೆ ಕೆಲಸ ಬಲ್ಲವರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಕಲ್ಲಿನ ವಿಷಯ ಅವರಿಗೆ ನನಗಿಂತ ಹೆಚ್ಚು ಗೊತ್ತು.

ಆದರೆ ನೆನಪಿಡಿ, ದೇವಸ್ಥಾನದ ಕಲ್ಲಿನ ಮೇಲೆ ಈ ಪ್ರಯೋಗ ಖಂಡಿತ ಬೇಡ. ಅದು ಸಂರಕ್ಷಿತ ಸ್ಮಾರಕ. 12ನೆಯ ಶತಮಾನದಿಂದ ನಿಂತಿದೆ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮೃದುವಾದ ಕಲ್ಲು ಗೀರಿದರೆ ಗೀರು ಉಳಿದುಬಿಡುತ್ತದೆ.

2. ಇದರಲ್ಲಿರುವುದು ಸರಿಯೇ ಎಂದು ನಾವೇ ನೋಡಬಹುದೇ?

ಅಚ್ಚಾದದ್ದೆಲ್ಲ ಸತ್ಯವಲ್ಲ. ನಾಲಿಗೆಯ ಚಾರ್ಟನ್ನು ಹುಡುಗಿ ಒಂದು ಚಿಟಿಕೆ ಉಪ್ಪಿನಿಂದ ಪರೀಕ್ಷೆ ಮಾಡಿದಳು. ಕೊಳ್ಳುವಾಗಲೇ ಮಾಡಬಹುದಾದ ಪರೀಕ್ಷೆಗಳೂ ಇವೆ.

ಸೌರಮಂಡಲದ ಚಾರ್ಟ್ ಕಂಡರೆ ಗ್ರಹಗಳನ್ನು ಎಣಿಸಿ. ಒಂಬತ್ತಿದ್ದರೆ ಅದು ಹಳೆಯದು. 2006ರ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಪ್ಲೂಟೋವನ್ನು ಕುಬ್ಜ ಗ್ರಹಗಳ ಗುಂಪಿಗೆ ಸೇರಿಸಿತು. ಈಗ ಗ್ರಹಗಳು ಎಂಟು.

ಭಾರತದ ಭೂಪಟ ಕಂಡರೆ ತೆಲಂಗಾಣ ಹುಡುಕಿ. ಇಲ್ಲದಿದ್ದರೆ ಅದು 2014ಕ್ಕೂ ಹಿಂದಿನದು. ಲಡಾಖ್ ಬೇರೆಯಾಗಿ ಕಾಣದಿದ್ದರೆ 2019ಕ್ಕೂ ಹಿಂದಿನದು.

ಕರ್ನಾಟಕದ ಭೂಪಟದಲ್ಲಿ ಹೊಸಪೇಟೆಯನ್ನು ನೋಡಿ. ಅದು ಬಳ್ಳಾರಿ ಜಿಲ್ಲೆಯೊಳಗೇ ಇದ್ದರೆ ಆ ಭೂಪಟ ಹಳೆಯದು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ, ಒಟ್ಟು ಜಿಲ್ಲೆಗಳು 31 ಆದವು.

ಹಳೆಯದೆಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹಳೆಯ ಭೂಪಟವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟರೆ ಒಳ್ಳೆಯ ಪಾಠವಾಗುತ್ತದೆ. ಆದರೆ ಹಳೆಯದನ್ನು ಹೊಸದೆಂದು ನಂಬಿ ಹೊಸದರ ಬೆಲೆ ಕೊಡಬಾರದು.

3. ಮನೆಯ ದೊಡ್ಡವರು ಇದರ ಹತ್ತಿರ ಕೂರಬಹುದೇ?

2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 7 ವರ್ಷ ಮೇಲ್ಪಟ್ಟವರ ಪೈಕಿ ನೂರರಲ್ಲಿ ಸುಮಾರು 75 ಮಂದಿಗೆ ಓದು ಬರಹ ಬರುತ್ತಿತ್ತು. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಬರುತ್ತಿರಲಿಲ್ಲ. ಆ ಒಬ್ಬರು ನಿಮ್ಮ ಅಜ್ಜಿ, ಅಪ್ಪ ಅಥವಾ ಅಮ್ಮ ಆಗಿರಬಹುದು. ಅವರಿಗೆ ಕಲಿಯುವ ಆಸೆ ಇಲ್ಲವೆಂದು ತಿಳಿಯಬೇಡಿ. ‘ಈ ವಯಸ್ಸಿನಲ್ಲಿ ಅ, ಆ ತಿದ್ದಲೇ?’ ಎಂಬ ಸಂಕೋಚ ಅವರದು. ಸಣ್ಣ ಮಕ್ಕಳ ಪುಸ್ತಕವನ್ನು ಕೈಗೆ ಕೊಟ್ಟರೆ ಆ ಸಂಕೋಚ ಹೆಚ್ಚುತ್ತದೆ. ದೊಡ್ಡವರಿಗೆ ಅವರ ದಿನದ ಕೆಲಸಕ್ಕೆ ಬರುವ ಬರಹ ಬೇಕು. ಅಂಥವು ಮನೆಯಲ್ಲೇ ಬೇಕಾದಷ್ಟಿವೆ.

ಹಾಲಿನ ಡೈರಿಯ ಚೀಟಿ ನೋಡಿ. ಅದರಲ್ಲಿ ಲೀಟರು, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲ ಇರುತ್ತವೆ. ಫ್ಯಾಟ್ 3.5 ಎಂದರೆ 100 ಗ್ರಾಂ ಹಾಲಿನಲ್ಲಿ 3.5 ಗ್ರಾಂ ಕೊಬ್ಬು. ಎಸ್‌ಎನ್‌ಎಫ್ ಎಂದರೆ ನೀರು ಮತ್ತು ಕೊಬ್ಬನ್ನು ಬಿಟ್ಟು ಉಳಿಯುವ ಪ್ರೋಟೀನು, ಸಕ್ಕರೆ, ಲವಣಗಳು. ಹಸುವಿಗೆ ಹಾಕಿದ ಮೇವು ಬದಲಾದಾಗ ಫ್ಯಾಟ್ ಬದಲಾಯಿತೇ? ಹಾಲು ಕರೆಯುವ ಅಮ್ಮನೊಂದಿಗೆ ಕೂತು ಒಂದು ತಿಂಗಳ ಚೀಟಿಗಳನ್ನು ಜೋಡಿಸಿ ನೋಡಿ. ಮೇವಿನ ವಿಷಯ ಅವರು ಹೇಳಲಿ, ಅಂಕಿ ನೀವು ಓದಿ.

ಗೊಬ್ಬರದ ಚೀಲದ ಮೇಲೆ 10:26:26 ಎಂದು ಬರೆದಿರುತ್ತದೆ. ಮುಸುಕಿನ ಜೋಳ, ಆಲೂಗೆಡ್ಡೆ ಬೆಳೆಯುವ ನಿಮ್ಮ ಅಪ್ಪ ಆ ಚೀಲವನ್ನು ಎಷ್ಟೋ ಸಲ ಹೊತ್ತಿದ್ದಾರೆ. 100 ಕಿಲೋದಲ್ಲಿ ಸಾರಜನಕ 10, ರಂಜಕದ ಅಂಶ 26, ಪೊಟ್ಯಾಷ್ 26 ಕಿಲೋ ಎಂದು ಅದರ ಅರ್ಥ. ಹಾಗಾದರೆ 50 ಕಿಲೋ ಚೀಲದಲ್ಲಿ ಎಷ್ಟೆಷ್ಟು? 5, 13, 13. ಶೇಕಡ ಲೆಕ್ಕ ನಿಮಗೂ ಆಯಿತು, ಅಪ್ಪನಿಗೂ ಆಯಿತು. ಔಷಧಿ ಪಟ್ಟಿಯ ಮೇಲಿನ ಅವಧಿ ಮುಗಿಯುವ ದಿನಾಂಕ, ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಗೋಡೆಯ ಕ್ಯಾಲೆಂಡರು ಇವೂ ಪಾಠವೇ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಒಂದು ಮಾತು. ದೊಡ್ಡವರಿಗೆ ಕಲಿಸುವಾಗ ನಗಬೇಡಿ, ಗದರಬೇಡಿ. ‘ಇಷ್ಟೂ ಗೊತ್ತಿಲ್ವಾ?’ ಎಂಬ ಮಾತು ನಿಮಗೆ ತರಗತಿಯಲ್ಲಿ ಎಷ್ಟು ನೋವು ಕೊಡುತ್ತದೋ ಅವರಿಗೆ ಅದರ ಎರಡರಷ್ಟು ಕೊಡುತ್ತದೆ. ಅವರಿಂದ ಒಂದು ಕಲಿತು, ಅವರಿಗೊಂದು ಕಲಿಸಿ. ಅಕ್ಷರ ಕಲಿಯಲು ಮುಂದೆ ಬಂದರೆ ನಿಮ್ಮ ಶಿಕ್ಷಕರಿಗೆ ತಿಳಿಸಿ. 15 ವರ್ಷ ಮೇಲ್ಪಟ್ಟವರಿಗಾಗಿ 2022ರಲ್ಲಿ ‘ಉಲ್ಲಾಸ್’ ಎಂಬ ಸಾಕ್ಷರತಾ ಕಾರ್ಯಕ್ರಮ ಶುರುವಾಯಿತು. ದೊಡ್ಡವರ ಬದುಕಿಗೆ ಹೊಂದುವ ಪಾಠಪುಸ್ತಕಗಳು ಅಂಥ ಕಾರ್ಯಕ್ರಮಗಳಲ್ಲಿ ಇರುತ್ತವೆ.

4. ಕೊಳ್ಳದೆ ಸಿಗುತ್ತದೆಯೇ? ಕೆಟ್ಟರೆ ರಿಪೇರಿ ಮಾಡಬಹುದೇ?

ನಿಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿದ್ದೀರಾ? ಈಗ ಅದಕ್ಕೆ ‘ಅರಿವು ಕೇಂದ್ರ’ ಎಂದೂ ಹೆಸರು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಪುಸ್ತಕ ಕೊಳ್ಳುವ ಮೊದಲು ಅಲ್ಲಿ ಹುಡುಕಿ. ನಾಲ್ಕು ಪುಟ ಓದಿ. ಅರ್ಥವಾಗುತ್ತದೆಯೇ, ಮುಂದೆ ಓದಬೇಕೆನಿಸುತ್ತದೆಯೇ ನೋಡಿ. ಅಲ್ಲಿ ಇಷ್ಟವಾದ ಪುಸ್ತಕವನ್ನು ಆಮೇಲೆ ಕೊಂಡರೆ ನಷ್ಟವಿಲ್ಲ.

ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶ ಏಳು ಸಂಪುಟಗಳಲ್ಲಿ ಬಂತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಪುಸ್ತಕದಲ್ಲಿ ಗಿಡಮರಗಳ ಕತೆ ಹೇಳಿ ಚಿತ್ರಗಳನ್ನೂ ತಾವೇ ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳು ಎಷ್ಟೋ ಶಾಲೆಗಳ ಬೀರುವಿನಲ್ಲಿವೆ, ಕೇಳಿ ತೆಗೆಸಿ. ಹಳೆಯ ಪುಸ್ತಕಗಳಲ್ಲಿ ಪ್ಲೂಟೋ ಗ್ರಹವಾಗಿಯೇ ಇರಬಹುದು. ಅದನ್ನು ಕಂಡುಹಿಡಿಯುವುದು ಈಗ ನಿಮಗೆ ಗೊತ್ತು.

ಆಟಿಕೆಗಳನ್ನು ಕೊಳ್ಳುವ ಮೊದಲು ಮಾಡಲು ಬರುತ್ತದೆಯೇ ಎಂದು ಯೋಚಿಸಿ. ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್‌ಟ್ಯೂಬು, ಹಳೆಯ ಪೆನ್ನಿನ ರೀಫಿಲ್ಲುಗಳಿಂದ ನೂರಾರು ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸಿದ್ದಾರೆ. ಅರಸೀಕೆರೆ ಕಡೆಯ ಮಕ್ಕಳಿಗೆ ತೆಂಗಿನ ಚಿಪ್ಪಿಗೆ ಬರವೇ? ಎರಡು ಚಿಪ್ಪು, ಒಂದು ಕೋಲು, ದಾರ ಇದ್ದರೆ ತಕ್ಕಡಿ ಆಯಿತು. ಮುರಿದರೆ ಇನ್ನೊಂದು ಮಾಡಿ. ಮುರಿದುದನ್ನು ಸರಿ ಮಾಡುವುದೂ ಕಲಿಕೆಯೇ.

‘ಬೇರೆ ಮಕ್ಕಳ ಹತ್ತಿರ ಇದೆಯಲ್ಲ?’

ಇದನ್ನೆಲ್ಲ ಕೇಳಿ ಕೆಲವು ತಂದೆತಾಯಿಯರು, “ಪಟ್ಟಣದ ಮಕ್ಕಳಿಗೆ ಟ್ಯಾಬು, ಕಿಟ್ಟು ಎಲ್ಲ ಇದೆ. ನಮ್ಮ ಮಕ್ಕಳು ಚಿಪ್ಪು, ಪಾವು ಹಿಡಿದು ಕೂರಬೇಕೇ ಮೇಡಂ?” ಎಂದು ನನ್ನನ್ನು ಕೇಳಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ನಮ್ಮ ಮಕ್ಕಳಿಗೆ ಒಳ್ಳೆಯ ಸೂಕ್ಷ್ಮದರ್ಶಕ, ಹೊಸ ಭೂಪಟ, ಕಂಪ್ಯೂಟರು ಸಿಗಲೇಬೇಕು. ಆದರೆ ಅದು ಶಾಲೆಯಲ್ಲಿ, ಗ್ರಂಥಾಲಯದಲ್ಲಿ ಎಲ್ಲ ಮಕ್ಕಳಿಗೂ ಸಿಗಬೇಕು. ಅದನ್ನು ಕೇಳುವುದು ನಮ್ಮ ಹಕ್ಕು. ಒಬ್ಬೊಬ್ಬ ಅಪ್ಪನೂ ಸಾಲ ಮಾಡಿ ತರಬೇಕಾದ ವಸ್ತುಗಳಲ್ಲ ಅವು.

ಮೊಬೈಲು ಬೇಡವೆಂದೂ ನಾನು ಹೇಳುವುದಿಲ್ಲ. ಕನ್ನಡದಲ್ಲೇ ಉಚಿತವಾಗಿ ಓದಬಹುದಾದ ಕತೆಗಳು, ಒಳ್ಳೆಯ ಪ್ರಯೋಗದ ವೀಡಿಯೋಗಳು ಅದರಲ್ಲಿವೆ. ಅದಕ್ಕೂ ಇದೇ ನಾಲ್ಕು ಪ್ರಶ್ನೆಗಳು ಸಾಕು. ನೋಡಿದ ಪ್ರಯೋಗವನ್ನು ಆಮೇಲೆ ಕೈಯಾರೆ ಮಾಡಿದಿರಾ? ಅಜ್ಜಿಯನ್ನೂ ಕೂರಿಸಿಕೊಂಡು ನೋಡಿದಿರಾ? ಹೌದಾದರೆ ಸರಿ. ಯಾರಾದರೂ ‘ಇವತ್ತೇ ಸೇರಿ, ಕಂತು ಆಮೇಲೆ ಕಟ್ಟಿ’ ಎಂದು ಅವಸರ ಮಾಡಿದರೆ ಮಾತ್ರ ಎಚ್ಚರ. ಒಳ್ಳೆಯ ಸಾಮಾನು ನಾಳೆಯೂ ಸಿಗುತ್ತದೆ. ಮನೆಯವರೆಲ್ಲ ಕೂತು ಮಾತಾಡಿ, ಒಂದು ವಾರ ಬಿಟ್ಟು ತೀರ್ಮಾನ ಮಾಡಿ.

ಆ ಚಾರ್ಟಿನ ಕತೆ ಏನಾಯಿತು?

ಹುಡುಗಿಗೆ ನಾನು ಇಷ್ಟೇ ಹೇಳಿದ್ದೆ: “ಅಪ್ಪನಿಗೆ ತಪ್ಪು ಅಂತ ಹೇಳಬೇಡ. ನೀನು ಮಾಡಿದ ಪರೀಕ್ಷೆಯನ್ನು ಅವರ ಕೈಲೂ ಮಾಡಿಸು.” ಒಂದು ತಿಂಗಳ ಮೇಲೆ ಮತ್ತೆ ಆ ಶಾಲೆಗೆ ಹೋದಾಗ ಅವಳೇ ಓಡಿ ಬಂದು ನಡೆದುದನ್ನು ಹೇಳಿದಳು. ರಾತ್ರಿ ಊಟಕ್ಕೆ ಮುಂಚೆ ಉಪ್ಪು, ಬೆಲ್ಲ, ಹುಣಿಸೆಹಣ್ಣು, ಹಾಗಲಕಾಯಿ ರಸ ಎಲ್ಲವನ್ನೂ ಇಟ್ಟುಕೊಂಡು ಕೂತಳಂತೆ. “ಎಲ್ಲಿ, ನನಗೂ ಇಡು ಕಣವ್ವ, ನೋಡಾನ” ಎಂದು ಅಪ್ಪ ಕಣ್ಣು ಮುಚ್ಚಿ ನಾಲಿಗೆ ಚಾಚಿದರಂತೆ. ಅಮ್ಮ, ತಮ್ಮ, ಅಜ್ಜಿ ಎಲ್ಲರೂ ಸೇರಿದರು. ಒಬ್ಬೊಬ್ಬರು ರುಚಿ ನೋಡಿದ ಮೇಲೂ ಬಾಯಿ ಮುಕ್ಕಳಿಸಿ, ಸಿಕ್ಕ ಉತ್ತರವನ್ನು ಬರೆದುಕೊಂಡರು. ತುದಿಯಲ್ಲಿ ಕಹಿ, ಅಂಚಿನಲ್ಲಿ ಸಿಹಿ, ಎಲ್ಲ ಕಡೆಯೂ ಎಲ್ಲ ರುಚಿ ತಿಳಿಯಿತು.

ಆಮೇಲೆ ಅಪ್ಪನೇ ಚಾರ್ಟಿನ ಆ ಚಿತ್ರದ ಮೇಲೆ ಒಂದು ಬಿಳಿ ಹಾಳೆ ಅಂಟಿಸಲು ಹೇಳಿದರು. ಹುಡುಗಿ ಅದರ ಮೇಲೆ ‘ಇದು ತಪ್ಪು. ನಾವು ಐದು ಜನ ಪರೀಕ್ಷೆ ಮಾಡಿ ನೋಡಿದ್ದೇವೆ’ ಎಂದು ಬರೆದಳು. ಚಾರ್ಟ್ ಈಗಲೂ ಅವರ ಮನೆಯ ಗೋಡೆಯ ಮೇಲಿದೆಯಂತೆ. ಬಂದ ನೆಂಟರಿಗೆಲ್ಲ ಅಪ್ಪ ಅದನ್ನು ತೋರಿಸಿ ಕತೆ ಹೇಳುತ್ತಾರಂತೆ.

ನೋಡಿದಿರಾ ಮಕ್ಕಳೇ, ಅಪ್ಪ ತಂದ ದುಡ್ಡಿಗೆ ಮೋಸವಾಗಲಿಲ್ಲ. ತಪ್ಪಾದ ಚಾರ್ಟಿನಿಂದಲೂ ಮನೆಮಂದಿಯೆಲ್ಲ ಕಲಿತರು. ಯಾಕೆಂದರೆ ಅದನ್ನು ಎಲ್ಲರೂ ಕೂಡಿ ಪ್ರಶ್ನಿಸಿದರು.

ಇನ್ನು ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ಕಲಿಕೆಗೆಂದು ತಂದ ಸಾಮಾನುಗಳನ್ನು ಪಟ್ಟಿ ಮಾಡಿ. ಒಂದೊಂದಕ್ಕೂ ನಾಲ್ಕು ಪ್ರಶ್ನೆಗಳನ್ನು ಕೇಳಿ. ಕಲಿಕೆಗೆಂದು ತರದಿದ್ದರೂ ಪಾಠ ಹೇಳುವ ವಸ್ತು ಯಾವುದಿದೆ ಎಂದು ಹುಡುಕಿ. ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ನಿಮ್ಮ ಪಟ್ಟಿಯನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ. ನಿಮ್ಮ ಶಾಲೆಗೆ ಬಂದಾಗ ನಾನೂ ಕೇಳಿ ನೋಡುತ್ತೇನೆ.